ಮಜ್ಜೆಯ ಡಾಕ್ಟರು

ಡಾಕ್ಟರ ಬಲಗೈಯ ಬೆರಳ ತುದಿಗಳು ಸದಾ ನೇರಳೆ ಬಣ್ಣಕ್ಕಿರುತ್ತಿದ್ದವು. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. ಸಾಬೂನಿಗೆ ಆ ಬಣ್ಣ ಹೋಗುತ್ತಿರಲಿಲ್ಲ. ಸುಂಟಿಕೊಪ್ಪದ ಹೋಟೆಲಿನಲ್ಲಿ ಅವರ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ನಾನು ಕೂರುತ್ತಿದ್ದೆ. ಮೈಸೂರಿನ ಪತ್ರಿಕೆಯೊಂದಕ್ಕೆ ಕೊಡಗಿನ ಸುದ್ದಿ ಕಳಿಸುವವನು ಎಲ್ಲರ ಮೇಜಿಗೂ ಹೋಗಬೇಕಾಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಡಾಕ್ಟರು ವಿದೇಶದಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆ ಮಾಡುತ್ತಿದ್ದವರು. ತಾಯಿಯ ಕೊನೆಗಾಲಕ್ಕೆಂದು ಬಂದು ಇಲ್ಲೇ ಉಳಿದರು. ಬೆಳಿಗ್ಗೆ ಎಸ್ಟೇಟ್ ಲೈನುಮನೆಗಳ ಕೂಲಿಯವರ ಜ್ವರ, ಕೆಮ್ಮು ನೋಡುವರು. ಮಧ್ಯಾಹ್ನದ ಮೇಲೆ ಹಿಂದಿನ ಕೋಣೆಯಲ್ಲಿ ಬಿಳಿ ಇಲಿಗಳೊಂದಿಗೆ ಇರುವರು. "ಊರಿಗೆಲ್ಲ ಬೆಕ್ಕು, ನಮ್ಮ ಡಾಕ್ಟ್ರಿಗೆ ಇಲಿ" ಎಂದು ಹೋಟೆಲಿನವನು ನಗುತ್ತಿದ್ದ. ಡಾಕ್ಟರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ ಎಂದು ನನಗೆ ಹೇಳಿಕೊಟ್ಟವರು ಅವರೇ. ಅದು ಕೆಟ್ಟರೆ ಕಿರಣ ಹಾಯಿಸಿ ಸುಡಬೇಕು, ಇನ್ನೊಬ್ಬರ ಮಜ್ಜೆಯನ್ನು ಒಳಗೆ ಬಿಡಬೇಕು. ಆದರೆ ಪರರ ಮಜ್ಜೆ ಮೈಗೆ ಹೊಂದುವುದಿಲ್ಲ. ಒಂದೇ ರೂಪದ ಅವಳಿಯದು ಮಾತ್ರ ಹೊಂದೀತು. "ಇದನ್ನು ಬರೀಬೇಡಿ. ಒಂದು ಮನೆಯವರು ಓದಿದ್ರೆ ಹತ್ತು ಮನೆಯವರು ಆಸೆಪಡ್ತಾರೆ" ಎನ್ನುತ್ತಿದ್ದರು. ನಾನು ಬರೆಯಲಿಲ್ಲ.

ಬಾಳೆಲೆ ಊರಿನ ಹುಡುಗಿಯೊಬ್ಬಳಿಗೆ ಅದೇ ಕಾಯಿಲೆ ಎಂದು ಅವರು ಕಂಡುಹಿಡಿದರು. ಮಜ್ಜೆ ಬೇಕಂತೆ ಎಂಬ ಮಾತು ಹೇಗೋ ಮನೆ ಮುಟ್ಟಿತು. ಒಂದು ಬೆಳಿಗ್ಗೆ ಅವಳ ಒಕ್ಕದ, ಎಂದರೆ ತಂದೆಯ ಮನೆತನದ, ಗಂಡಸರೆಲ್ಲ ಲಾರಿಯಲ್ಲಿ ಬಂದಿಳಿದರು.

"ಒಂದೇ ರಕ್ತ ಡಾಕ್ಟ್ರೇ. ಯಾರದ್ದು ಬೇಕೋ ತೆಗೀರಿ" ಎಂದರು ಹುಡುಗಿಯ ದೊಡ್ಡಪ್ಪ.

"ಈ ಪೊನ್ನಪ್ಪಂದು ಮಾತ್ರ ಬೇಡ. ಅರ್ಧ ಬ್ರಾಂದಿ ಬರ್ತದೆ" ಎಂದ ಹಿಂದಿನಿಂದ ಒಬ್ಬ.

ಡಾಕ್ಟರು ಎಲ್ಲರನ್ನೂ ಕೂರಿಸಿ ಕೇಳಿದರು: "ಹುಡುಗಿಗೆ ಒಡಹುಟ್ಟಿದವರು?"

"ಯಾರೂ ಇಲ್ಲ."

ಬೆಂಚಿನ ಮೇಲೆ ಒರಗಿದ್ದ ಹುಡುಗಿ ಮೆಲ್ಲಗೆ ಅಂದಳು: "ಅಕ್ಕ ಇದ್ದಾಳಲ್ಲ. ಒಟ್ಟಿಗೇ ಹುಟ್ಟಿದ್ದು."

"ಅವಳನ್ನು ಮೂರ್ನಾಡಿಗೆ ಕೊಟ್ಟಾಯ್ತಲ್ಲ ಮಗಳೇ" ಎಂದರು ದೊಡ್ಡಪ್ಪ, ಡಾಕ್ಟರಿಗೆ ವಿವರಿಸುವಂತೆ. "ಮದುವೆ ದಿನ ಸಮ್ಮಂಧ ಕೊಡುವ ಶಾಸ್ತ್ರ ಮುಗಿದ ಮೇಲೆ ಅವಳು ಆ ಒಕ್ಕದವಳು. ನಮ್ಮ ಲೆಕ್ಕದಲ್ಲಿಲ್ಲ."

"ಮೂಳೆಗೆ ಮದುವೆ ಗೊತ್ತಿಲ್ಲ ಮಾವ" ಎಂದರು ಡಾಕ್ಟರು.

ಅಂದೇ ಡಾಕ್ಟರೂ ನಾನೂ ಮೂರ್ನಾಡಿಗೆ ಹೋದೆವು. ಬಾಗಿಲಿಗೆ ಬಂದವಳದು ಅದೇ ಮುಖ, ಆದರೆ ಕೆನ್ನೆ ತುಂಬಿತ್ತು. ಡಾಕ್ಟರು ಅವಳನ್ನು ಬಹಳ ಹೊತ್ತು ನೋಡಿದರು. "ನಮ್ಮ ಮನೆ ಹೆಣ್ಣಿನ ಮೂಳೆ ಆ ಮನೆಗೆ ಯಾಕೆ?" ಎಂದು ಅತ್ತೆ ಕೇಳುತ್ತಿದ್ದಂತೆ ಅವಳು ಒಳಗೆ ಹೋಗಿ ಕೊಡೆ ತಂದಳು. "ಬಸ್ಸಿದೆಯಾ ಈಗ?" ಎಂದಳು.

ಮದ್ರಾಸಿನ ಆಸ್ಪತ್ರೆಯೊಂದರಲ್ಲಿ ಕಿರಣ ಹಾಯಿಸಿದರು; ಅಕ್ಕನ ಮಜ್ಜೆ ತಂಗಿಗೆ ಹೋಯಿತು. ತಂಗಿ ಊರಿಗೆ ಮರಳಿ, ಕಾಫಿ ಹೂ ಬಿಡುವಾಗ ತೋಟದಲ್ಲಿ ಓಡಾಡಿದಳು. ಹಣ್ಣು ಕೆಂಪಾಗುವ ಮೊದಲೇ ಕಾಯಿಲೆ ತಿರುಗಿ ಬಂತು. ಅವಳು ಉಳಿಯಲಿಲ್ಲ.

"ಮಜ್ಜೆ ಹಿಡೀತು. ಸುಡಬೇಕಾದದ್ದು ಪೂರ್ತಿ ಸುಡಲಿಲ್ಲ" ಎಂದಷ್ಟೇ ಹೇಳಿ ಡಾಕ್ಟರು ಇಲಿಗಳ ಕೋಣೆಗೆ ಹೋದರು. ಇದನ್ನು ಯಾರೊಡನೆ ಚರ್ಚಿಸುವುದು? ಇಡೀ ಕೊಡಗಿನಲ್ಲಿ ಅವರ ಮಾತು ಅರ್ಥವಾಗುವ ಇನ್ನೊಬ್ಬರಿರಲಿಲ್ಲ. ನನಗೂ ಅರ್ಧವೇ ಅರ್ಥವಾಗುತ್ತಿತ್ತು.

ಅಕ್ಕ ಮಾತ್ರ ಪ್ರತಿ ವರ್ಷ ಕಿತ್ತಳೆ ತರುತ್ತಿದ್ದಳು. ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟುಕೊಂಡೇ "ಚೆನ್ನಾಗಿದ್ದೀಯಾ?" ಎನ್ನುವರು. ಅವಳು ಸ್ವಲ್ಪ ಹೊತ್ತು ನಿಂತು ಹೋಗುವಳು.

ಡಾಕ್ಟರು ತೀರಿಕೊಂಡ ದಿನ ಜಗಲಿಯಲ್ಲಿ ನಾವು ಕೆಲವರೇ ಇದ್ದೆವು. ಮಧ್ಯಾಹ್ನದ ಬಸ್ಸಿಗೆ ಅವಳು ಬಂದಳು. ದೇಹದ ಬಳಿ ಕೂತು, ನನ್ನ ಕಡೆ ತಿರುಗಿ ಹೇಳಿದಳು:

"ಇಷ್ಟು ವರ್ಷ ಬಂದೆ. ತಂಗಿ ಹೋದ ಮೇಲೆ ಒಂದು ದಿನವೂ ನನ್ನ ಮುಖ ನೋಡ್ಲಿಲ್ಲ ಇವರು."