ಕೋಟಿನ ಕಿಸೆಯಲ್ಲಿ ಕುಂಬಾರವಾಡಕ್ಕೆ ಹೋದದ್ದು

ಬೆಳಿಗ್ಗೆಯಿಂದ ಓಣಿಯವರೆಲ್ಲ ಬಂದು ಜೀಪಿಗೆ ಒಂದೊಂದು ಔಷಧ ಹೇಳಿ ಹೋಗಿದ್ದರು. ನೂಕಿರಿ ಎಂದರು ಒಬ್ಬರು. ಪೆಟ್ರೋಲು ಹಳೆಯದಾಗಿದೆ, ಚೆಲ್ಲಿರಿ ಎಂದರು ಇನ್ನೊಬ್ಬರು. ಜೀಪು ಯಾರ ಮಾತಿಗೂ ಜಗ್ಗಲಿಲ್ಲ. ಶಾಹೀನ ಕೀಲಿ ತಿರುವಿದಾಗಲೆಲ್ಲ ಕರ್ ಕರ್ ಎಂದು ಗಂಟಲು ಕೆರೆದುಕೊಂಡು ಸುಮ್ಮನಾಗುತ್ತಿತ್ತು.

ಸಂಜೆ ಅಸರ್ ಆಜಾನಿನ ಹೊತ್ತಿಗೆ ಲೋಕೇಶ ಕ್ರೇನು ತರುವವನಿದ್ದ. ದಾಂಡೇಲಿಯ ಹೊರಗೆ ಕಾಡಿನಂಚಿನಲ್ಲಿ ಎದ್ದಿರುವ ಹೊಸ ರೆಸಾರ್ಟಿನ ಮ್ಯಾನೇಜರು ಅವನು, ಒಳ್ಳೆಯ ಹುಡುಗನೇ. ಜೀಪನ್ನು ರೆಸಾರ್ಟಿನ ಬಾಗಿಲಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ, ಕಾಗದದ ಹೂವಿನ ಬಳ್ಳಿ ಹಬ್ಬಿಸುವುದಾಗಿ ಹೇಳಿದ್ದ. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಶಾಹೀನಳ ತಾಯಿ ಬಿಸ್ಮಿಲ್ಲಾ ಒಪ್ಪಿಬಿಟ್ಟಿದ್ದಳು.

"ನಿಂತ ಗಾಡಿ ನೋಡ್ಕೋಂತ ದಿನಾ ಅಂಗಳಾ ಕಸಾ ಹೊಡೆಯೂದು ನನಗ ಆಗವಲ್ದು," ಎಂದಿದ್ದಳು. "ಕ್ರೇನು ಬರೂದ್ರೊಳಗ ಅದು ನಡದ್ರ ಇರ್ಲಿ. ಇಲ್ಲಾಂದ್ರ ಹೋಗ್ಲಿ. ಆಮ್ಯಾಲ ನೀ ಅಳಬಾರ್ದು."

ಶಾಹೀನಳಿಗೆ ಡ್ರೈವಿಂಗ್ ಲೈಸೆನ್ಸು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅಬ್ಬಾ ಕೂರುತ್ತಿದ್ದ ಸೀಟಿನಲ್ಲಿ ಮಣ್ಣು ತುಂಬುವುದನ್ನು ನೆನೆದಾಗಲೆಲ್ಲ ಅವಳು ಹೋಗಿ ಇನ್ನೊಮ್ಮೆ ಕೀಲಿ ತಿರುವುತ್ತಿದ್ದಳು.

ಅಬ್ಬಾ ಎಂದರೆ ವಜೀರಸಾಬರು. ಹುಟ್ಟಿದ್ದು ತೇರಗಾಂವದಲ್ಲಿ, ಬಾಡಿಗೆಗೆ ಎತ್ತಿನ ಚಕ್ಕಡಿ ಹೊಡೆಯುವವರ ಮನೆಯಲ್ಲಿ. ಬೆಳಗಾವಿಯಲ್ಲಿ ಸೈನ್ಯದ ಭರತಿ ಇದೆಯೆಂದು ಗೆಳೆಯನೊಬ್ಬ ಹೊರಟಾಗ ಅವನ ಜೊತೆಗೆಂದು ಹೋದರು. ಗೆಳೆಯ ಓಟದಲ್ಲಿ ಸೋತು ಊರಿಗೆ ಮರಳಿದ, ಇವರು ಡ್ರೈವರಾಗಿ ಲಡಾಖಿನ ತನಕ ಹೋದರು. ಎತ್ತಿಗೆ ಏರು ಕಂಡರೆ ಹೇಗೆ ಉಸಿರು ಹಿಡಿಯುತ್ತದೆಯೋ ಲಾರಿಗೂ ಹಾಗೇ, ಅದಕ್ಕೆ ನನಗೆ ಕಲಿಯುವುದು ಕಷ್ಟವಾಗಲಿಲ್ಲ ಎನ್ನುತ್ತಿದ್ದರು. ಸೇವೆ ಮುಗಿಸಿ ಬಂದಾಗ ತಂದದ್ದು ಒಂದು ಟ್ರಂಕು, ಒಂದು ಹಸಿರು ಉಣ್ಣೆಯ ಕೋಟು, ಸುಮ್ಮನೆ ಕೂರಲು ಬಾರದ ಎರಡು ಕೈ. ದಾಂಡೇಲಿಯಲ್ಲಿ ಗ್ಯಾರೇಜು ಹಾಕಿದರು. ಸೈನ್ಯದ ಹರಾಜಿನಲ್ಲಿ ಈ ಹಳೆಯ ಪೆಟ್ರೋಲ್ ಜೀಪು ಹಿಡಿದರು. ಬೆಳಿಗ್ಗೆಯೆಲ್ಲ ಗ್ಯಾರೇಜು, ಮಧ್ಯಾಹ್ನದ ಮೇಲೆ ಜೋಯಿಡಾ ದಾರಿ. ಬಸ್ಸು ತಪ್ಪಿದವರು, ಬಸ್ಸೇ ಬಾರದ ಊರಿನವರು, ಭತ್ತದ ಚೀಲ, ಹಲಸಿನ ಹಣ್ಣು, ಒಮ್ಮೆ ಮುಹೂರ್ತ ಮೀರುತ್ತಿದ್ದ ಮದುಮಗ, ಎಲ್ಲರೂ ಎಲ್ಲವೂ ಅದರಲ್ಲಿ ಹೋಗಿದ್ದುಂಟು.

ಮನೆಯಲ್ಲೂ ಅವರ ಶಿಸ್ತು ಬಿಡುತ್ತಿರಲಿಲ್ಲ. ರವಿವಾರ ಮನೆಯವರ ಚಪ್ಪಲಿ ಬೂಟುಗಳನ್ನೆಲ್ಲ ಸಾಲಾಗಿಟ್ಟು ಪಾಲಿಶ್ ಮಾಡುತ್ತಿದ್ದರು. ಹೆಂಡತಿಯ ಬಚ್ಚಲ ಚಪ್ಪಲಿಗೂ ಒಮ್ಮೆ ಬ್ರಷ್ ಆಡಿಸಿದ್ದರು. ಬಿಸ್ಮಿಲ್ಲಾ ಹೊಲಿಗೆ ಮಷೀನಿಗೆ ಕೂತ ದಿನ ಶಾಹೀನಳ ಜಡೆ ಹೆಣೆಯುವ ಕೆಲಸ ಅವರದು. ಟಾರ್ಪಾಲಿನ ಹಗ್ಗ ಬಿಗಿದಂತೆ ಬಿಗಿಯುತ್ತಿದ್ದರು. ಶಾಲೆಯಿಂದ ಬರುವ ತನಕ ಒಂದು ಕೂದಲೂ ಸಡಿಲಾಗುತ್ತಿರಲಿಲ್ಲ, ಹುಬ್ಬು ಮಾತ್ರ ಮೇಲಕ್ಕೇ ಎಳೆದಿರುತ್ತಿದ್ದವು.

ಹೋದ ಮಾಗಿಯಲ್ಲಿ ಒಂದು ಸಂಜೆ ಜೀಪು ನಿಲ್ಲಿಸಿ, ಉಂಡು ಮಲಗಿದವರು ಬೆಳಗಿನ ಫಜರ್ ನಮಾಜಿಗೆ ಏಳಲಿಲ್ಲ. ಅಂದಿನಿಂದ ಜೀಪೂ ಎದ್ದಿರಲಿಲ್ಲ.

ಈಗ ಅದರ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದವನು ಪಕ್ಕದ ಮನೆಯ ಮಲಕಪ್ಪ, ವಜೀರಸಾಬರ ಜೀವದ ಗೆಳೆಯ. ಕಾಗದದ ಮಿಲ್ಲಿನಲ್ಲಿ ಬಾಯ್ಲರಿನ ಮುಂದೆ ದುಡಿದು ನಿವೃತ್ತನಾದವನು. ಬ್ಯಾಟರಿ ಚಾರ್ಜು ಮಾಡಿಸಿ ತಂದು, ಮೂರು ದಿನ ಕಾರ್ಬೋರೇಟರನ್ನು ಬಿಚ್ಚಿ ಬಿಚ್ಚಿ ತೊಳೆದಿದ್ದ.

"ಬಾಯ್ಲರ್ ಇರ್ಲಿ, ಜೀಪ್ ಇರ್ಲಿ, ಕಸಾ ಕಟ್ಟಿದ್ರ ಬೆಂಕಿ ಹತ್ತೂದಿಲ್ಲ ತಂಗಿ," ಎಂದ.

"ಅದು ಈಗ ನಮ್ಮ ತಾಟಿನಕಿಂತಾ ಸ್ವಚ್ಛ ಆಗೇತಿ ಕಾಕಾ."

"ಹಂಗಾರ ನಿಮ್ಮಪ್ಪನ್ನ ಕೇಳು. ಹೋಗುವಾಗ ಏನರೆ ಮಂತ್ರಾ ಹಾಕಿ ಹೋದನೇನು."

ಅವನು ನಗೆಗೆ ಹೇಳಿದ್ದು. ಶಾಹೀನ ನಗಲಿಲ್ಲ. ಅಬ್ಬಾ ದಿನವೂ ಜೀಪು ನಿಲ್ಲಿಸಿದ ಮೇಲೆ ಒಳಗೆ ಬರುವ ಮೊದಲು ಒಂದು ಸದ್ದಾಗುತ್ತಿತ್ತು. ಟಕ್, ಟಕ್. ಆ ಸದ್ದು ಕೇಳಿದರೆ ಅಮ್ಮೀ ರೊಟ್ಟಿ ಕಾವಲಿಗೆ ಹಾಕುತ್ತಿದ್ದಳು. ಶಾಹೀನ ಬಾನೆಟ್ಟಿನೊಳಗೆ ಬಗ್ಗಿ, ದಪ್ಪ ವೈರುಗಳು ಹೊರಟ ಕಪ್ಪು ಮುಚ್ಚಳದ ಎರಡೂ ಕ್ಲಿಪ್ಪು ಬಿಚ್ಚಿದಳು. ಟಕ್, ಟಕ್. ಮುಚ್ಚಳದ ಕೆಳಗೆ ನಡುವೆ ಒಂದು ಸಣ್ಣ ದಂಡ ಬೋಳಾಗಿ ನಿಂತಿತ್ತು. ಅದರ ತಲೆಯ ಮೇಲೆ ಕೂತು ತಿರುಗಿ ಕಿಡಿ ಹಂಚಬೇಕಾದ ರೋಟರೇ ಇರಲಿಲ್ಲ.

ಮಲಕಪ್ಪ ಹಣೆ ಬಡಿದುಕೊಂಡ. ಗಡಿಯಲ್ಲಿ ಗಾಡಿ ನಿಲ್ಲಿಸಿದರೆ ಡ್ರೈವರು ರೋಟರು ಕಿತ್ತು ತನ್ನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು, ಬೇರೆಯವರು ಗಾಡಿ ಒಯ್ಯದಂತೆ. ವಜೀರಸಾಬರು ಆ ರೂಢಿಯನ್ನು ಈ ಓಣಿಗೂ ತಂದಿದ್ದರು. "ಸಾಬರ ಜೀಪ್ ಕದಿಯೂ ಮಗಾ ಇನ್ನೂ ಹುಟ್ಟಿಲ್ಲ, ಹುಟ್ಟಿದ್ರೂ ನೂಕಾಕ ನಾಕ್ ಮಂದೀನ ಕರಕೊಂಡು ಬರಬೇಕು," ಎಂದು ಅವನೇ ಎಷ್ಟು ಸಲ ಛೇಡಿಸಿದ್ದನೋ. ಛೇಡಿಸಿದ್ದು ನೆನಪಿತ್ತು, ಕಾರಣ ಮರೆತುಹೋಗಿತ್ತು.

"ಯಾವ ಕಿಸೆ?" ಎಂದ.

"ಹಸರ ಕೋಟು. ಒಳಗಿನ ಕಿಸೆ."

ಇಬ್ಬರೂ ಬಿಸ್ಮಿಲ್ಲಾಳ ಕಡೆ ನೋಡಿದರು. ಅವಳ ಕೈಯಲ್ಲಿದ್ದ ಕಸಬರಿಗೆ ನಿಂತಿತು. ನಲವತ್ತನೆಯ ದಿನದ ಫಾತಿಹಾ ಆದ ಮೇಲೆ ಗಂಡನ ಬಟ್ಟೆಗಳನ್ನೆಲ್ಲ ಅವಳು ಹಂಚಿದ್ದಳು. ಹಂಚುವಾಗ ಒಂದು ಕಿಸೆಯನ್ನೂ ಮುಟ್ಟಿರಲಿಲ್ಲ. ಅತ್ತೆಯಿಂದ ಬಂದ ಮಾತು ಅದು: ಕಿಸೆ ತಡಕಿ ಕೊಟ್ಟರೆ ಅರ್ಧ ಕೊಟ್ಟಂತೆ.

"ಕೋಟು ಕುಂಬಾರವಾಡದ ಸೋಮಪ್ಪಗ ಕೊಟ್ಟೆ," ಎಂದಳು ಮೆಲ್ಲಗೆ. "ಚಾದಂಗಡಿ ಸೋಮಪ್ಪ. ಅಲ್ಲಿ ಥಂಡಿ ಭಾಳ ಅಂತ."

ಮಲಕಪ್ಪ ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದ. ಅಷ್ಟು ಹಳೆಯ ಗಾಡಿಯ ರೋಟರು ತರಿಸಲು ವಾರ ಬೇಕೆಂದರು. ಕುಂಬಾರವಾಡದ ಬಸ್ಸು ಆಗಲೇ ಹೋಗಿತ್ತು. ಸೋಮಪ್ಪನಿಗೆ ಫೋನು ಹತ್ತುವುದು ಅವನು ಗುಡ್ಡದ ಮೇಲೆ ಬಂದಾಗ ಮಾತ್ರ. ಶಾಹೀನ ದುಪಟ್ಟಾವನ್ನು ಕಿವಿಯ ಸುತ್ತ ಬಿಗಿದು ಮಲಕಪ್ಪನ ಬೈಕಿನ ಹಿಂದೆ ಹತ್ತಿ ಕೂತಳು.

ಜೋಯಿಡಾ ದಾಟಿದ ಮೇಲೆ ದಾರಿ ತಿರುವು ಬಿಟ್ಟರೆ ತಿರುವು. ಸಾಗವಾನಿಯ ಒಣ ಎಲೆ ಚಕ್ರದಡಿಯಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಸೋಮಪ್ಪ ಕೋಟನ್ನು ಬೇರೆ ಯಾರಿಗಾದರೂ ಕೊಟ್ಟಿದ್ದರೆ? ತೊಳೆಯುವಾಗ ಹಳ್ಳಕ್ಕೆ ಬಿದ್ದಿದ್ದರೆ? ಮಲಕಪ್ಪ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತಿದ್ದ, ನಡುವೆ ಬೈಕನ್ನೂ.

ಸೋಮಪ್ಪ ಅಂಗಡಿಯಲ್ಲೇ ಇದ್ದ. ಮಧ್ಯಾಹ್ನವಾಗಿದ್ದರೂ ಮೈಮೇಲೆ ಕೋಟಿತ್ತು. ತೋಳು ಉದ್ದವಾಗಿ ಬೆರಳು ಮುಚ್ಚಿದ್ದವು. ಶಾಹೀನ ಬೈಕಿನಿಂದ ಇಳಿದು ಆ ತೋಳುಗಳನ್ನೇ ನೋಡಿದಳು.

"ಸಾಬರ ಮಗಳಲ್ಲ? ಬಾರವ್ವ, ಕುಂಡ್ರು. ಏ, ಸಾಬರ ಮಗಳು ಬಂದಾಳ ನೋಡ್ರಿ," ಎಂದು ಬೆಂಚಿನ ಮೇಲಿದ್ದವರಿಗೆ ಹೇಳಿದ. ಅವರೆಲ್ಲ ಸರಿದು ಜಾಗ ಮಾಡಿದರು. ಒಬ್ಬ ಮುದುಕ ಕೇಳದಿದ್ದರೂ ಶುರುಮಾಡಿದ: "ನನ್ನ ಸೊಸಿಗೆ ಹೆರಿಗಿ ಬ್ಯಾನಿ ಬಂದಾಗ ಮಳಿ ಹೆಂಗಿತ್ತಂತಿ. ಏರು ಹತ್ತವಲ್ದು ಜೀಪು. ನಿಮ್ಮಪ್ಪ ಗಾಡಿ ತಿರುಗಿಸಿ, ಹಿಂದ ಮುಂದ ಮಾಡಿ, ರಿವರ್ಸಿನ್ಯಾಗ ಗುಡ್ಡಾ ಹತ್ತಿಸಿದ. ಸೊಸಿ ಬ್ಯಾನಿ ಮರತು ನಗಾಕತ್ತಿದ್ಲು."

"ಮೊಮ್ಮಗಾ ಈಗೂ ಹಿಂದ ಹಿಂದ ನಡೀತಾನೇನು?" ಎಂದ ಮಲಕಪ್ಪ.

ಬೆಂಚೆಲ್ಲ ನಕ್ಕಿತು. ಶಾಹೀನ ಈ ಕಥೆಯನ್ನು ಕೇಳಿರಲಿಲ್ಲ. ಅಬ್ಬಾ ಆ ದಿನ ಮನೆಗೆ ಬಂದು ಹೇಳಿದ್ದು ಬಹುಶಃ "ಮಳಿ ಜೋರಿತ್ತು" ಎಂದಷ್ಟೇ. ಇನ್ನೂ ಕೇಳುತ್ತ ಕೂರಬೇಕೆನಿಸಿತು, ಆದರೆ ಹೊತ್ತು ಇಳಿಯುತ್ತಿತ್ತು. ಬಂದ ಕೆಲಸ ಹೇಳಿದಳು.

ಸೋಮಪ್ಪ ಕೋಟಿನ ಒಳಕಿಸೆಗೆ ಕೈ ಹಾಕಿದ. ಬೀಡಿ ಕಟ್ಟು ಬಂತು. ಇನ್ನೊಂದು ಕಿಸೆಯಿಂದ ಕಡ್ಡಿಪೆಟ್ಟಿಗೆ. ಕಿಸೆಗಳನ್ನು ಹೊರಗೆ ಮಗುಚಿ ತೋರಿಸಿದ.

"ಎಂಥಾದ್ದದು?"

"ಕರೇದು. ಹೆಬ್ಬೆಟ್ಟಿನಷ್ಟು ಇರತೈತಿ. ನೆತ್ತಿ ಮ್ಯಾಲ ಹಿತ್ತಾಳಿ ಪಟ್ಟಿ, ಕೆಳಗ ತೂತು," ಎಂದಳು ಶಾಹೀನ.

ಸೋಮಪ್ಪ ಕಿಸೆಗಳನ್ನು ಮತ್ತೆ ಒಳಗೆ ತುರುಕಿದ. ಮೆಲ್ಲಗೆ ಒಲೆಯ ಕಡೆ ತಿರುಗಿದ. ಒಲೆಯ ಮೇಲೆ ಚಹಾದ ಕಿಟ್ಲಿ ಕುದಿಯುತ್ತಿತ್ತು. ಅದರ ಮುಚ್ಚಳದ ಮೇಲೆ, ಹಿಡಿ ಇರಬೇಕಾದ ಕಡೆ, ಮೊಳೆಯೊಂದಕ್ಕೆ ಬಿಗಿಯಾಗಿ ಕೂತು, ಹಿತ್ತಾಳೆ ಪಟ್ಟಿ ಮಿಂಚಿಸುತ್ತಿತ್ತು ರೋಟರು.

"ಕೈ ಸುಡೂದಿಲ್ಲವ್ವ ಅದು," ಎಂದ ಸೋಮಪ್ಪ ತಪ್ಪೊಪ್ಪಿಗೆಯ ದನಿಯಲ್ಲಿ. "ಸಾಬರು ನನಗಂತನ ಇಟ್ಟಾರ ಅಂದ್ಕೊಂಡೆ. ಹಿಡಿ ಮುರದದ್ದು ಅವ್ರಿಗೆ ಗೊತ್ತಿತ್ತಲ್ಲ."

ಶಾಹೀನಳಿಗೆ ನಗೆ ಎಲ್ಲಿಂದ ಬಂತೋ ತಿಳಿಯಲಿಲ್ಲ. ಹೊಟ್ಟೆ ಹಿಡಿದು ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಸೋಮಪ್ಪ ಅದನ್ನು ಕಿತ್ತು ತೊಳೆದು, ಕೋಟಿನ ತುದಿಯಿಂದ ಒರೆಸಿ, ಎರಡೂ ಕೈಯಲ್ಲಿ ಕೊಟ್ಟ. ಮುಚ್ಚಳಕ್ಕೆ ಅರಿವೆ ಸುತ್ತಿದ. ಚಹಾ ಕುಡಿಯದೆ ಏಳಗೊಡಲಿಲ್ಲ.

ದಾಂಡೇಲಿಗೆ ಬಂದಾಗ ಓಣಿಯ ಬಾಯಿಗೆ ಕ್ರೇನು ನಿಂತಿತ್ತು. ಲೋಕೇಶ ಅಂಗಳದಲ್ಲಿ ಕೈ ಕಟ್ಟಿ ನಿಂತಿದ್ದ. ಮಸೀದಿಯಲ್ಲಿ ಆಜಾನು ಇನ್ನೂ ಆಗಿರಲಿಲ್ಲ. ಶಾಹೀನ ಯಾರನ್ನೂ ಮಾತಾಡಿಸದೆ ರೋಟರನ್ನು ದಂಡದ ಮೇಲೆ ಒತ್ತಿದಳು, ಮುಚ್ಚಳ ಇಟ್ಟು ಕ್ಲಿಪ್ಪು ಹಾಕಿದಳು, ಬಾನೆಟ್ಟು ಮುಚ್ಚಿ, ಸೀಟಿಗೆ ಹತ್ತಿ ಕೀಲಿ ತಿರುವಿದಳು. ಕರ್ ಕರ್. ಇನ್ನೊಮ್ಮೆ ಕರ್ ಕರ್. ಮೂರನೆಯ ಸಲಕ್ಕೆ ಜೀಪು ಒಂದು ದೊಡ್ಡ ಕೆಮ್ಮು ಕೆಮ್ಮಿ, ಕಪ್ಪು ಹೊಗೆ ಉಗುಳಿ, ಮೈಯೆಲ್ಲ ಅಲುಗಿಸುತ್ತ ಎದ್ದಿತು. ಟಾರ್ಪಾಲಿನಡಿ ಮಲಗಿದ್ದ ಕೋಳಿಗಳು ಗೋಡೆ ಹಾರಿದವು. ಓಣಿಯ ಬಾಗಿಲುಗಳಲ್ಲೆಲ್ಲ ಮುಖಗಳು.

ಬಿಸ್ಮಿಲ್ಲಾ ಹೊಸ್ತಿಲಲ್ಲಿ ನಿಂತಿದ್ದಳು. "ನಡದ್ರ ಅಂದಿದ್ದೆ," ಎಂದಳು. "ಕೂಗಿದ್ರ ಅಂದಿಲ್ಲ."

ಶಾಹೀನ ಗೇರು ಹಾಕಿ ಕ್ಲಚ್ಚು ಬಿಟ್ಟಳು. ಜೀಪು ಜಿಗಿದು ಆರಿತು. ಯಾರೋ ನಕ್ಕರು. ಮಲಕಪ್ಪ ಪಕ್ಕದ ಸೀಟಿಗೆ ಹತ್ತಿ, "ಹಿಟ್ಟಿನ ಚೀಲ ಇಳಿಸಿದಂಗ ಬಿಡವ್ವ, ಧಪ್ಪ ಅನಿಸಬ್ಯಾಡ," ಎಂದ. ಅವಳು ಮತ್ತೆ ಶುರುಮಾಡಿದಳು. ಪಾದವನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಎತ್ತಿದಳು. ಗಾಲಿಗಳು ಒಂದು ವರ್ಷದ ಗುಂಡಿಯಿಂದ ಎದ್ದು ಉರುಳಿದವು. ಅಂಗಳ ದಾಟಿತು, ಮನೆಯ ಮುಂದಿನ ಗಟಾರದ ಕಲ್ಲು ದಾಟಿತು, ಓಣಿಗೆ ಬಂತು. ಅಲ್ಲಿ ಬ್ರೇಕು ಒತ್ತಿ ನಿಂತಳು.

ಹಿಂದೆ ಬಾಗಿಲಿನ ಚಿಲಕ ಹಾಕಿದ ಸದ್ದಾಯಿತು. ಬಿಸ್ಮಿಲ್ಲಾ ಬುರ್ಖಾ ತೊಟ್ಟು ಬಂದಿದ್ದಳು.

"ಹಿಂದ ಹೋಗ್ರಿ ಮಲಕಪ್ಪಣ್ಣ. ಇದು ನನ್ನ ಸೀಟು."

ಮಲಕಪ್ಪ ತೆಪ್ಪಗೆ ಇಳಿದು ಹಿಂದೆ ಹತ್ತಿದ. ಲೋಕೇಶ ಜೀಪಿನ ಪಕ್ಕಕ್ಕೆ ಬಂದು ಬಾನೆಟ್ಟಿನ ಮೇಲೆ ಒಮ್ಮೆ ಕೈ ಇಟ್ಟ. ಅದರ ಅದುರಿಗೆ ಕೈ ತೆಗೆದ.

"ನಮ್ಮ ಕ್ರೇನ್ ಅಡ್ಡ ಐತ್ರಿ ಅಮ್ಮಾ," ಎಂದ. "ತಡೀರಿ, ಹಿಂದ ತಗಸ್ತೇನಿ."

ಕ್ರೇನು ಪೀಂ ಪೀಂ ಎನ್ನುತ್ತ ಹಿಂದೆ ಸರಿಯತೊಡಗಿತು. ಓಣಿಯ ತುದಿಯಲ್ಲಿ ರಸ್ತೆ ಕಾಣಿಸಿತು.

"ಎಲ್ಲಿಗೆ ಅಮ್ಮೀ?" ಎಂದಳು ಶಾಹೀನ.

ಬಿಸ್ಮಿಲ್ಲಾ ಮುಂದೆಯೇ ನೋಡುತ್ತಿದ್ದಳು. "ಮೊದಲ ಗಾಡಿ ಹೊರಗ ತಗಿ," ಎಂದಳು. "ಆಮ್ಯಾಲ ಹೇಳ್ತೇನಿ."