ಎಂಜಿನ್ ನಂಬರಿನ ಕೊನೆಯ ಅಂಕಿ

ನವೆಂಬರ್ 16, 2008, ಭಾನುವಾರ. ಬೆಳಿಗ್ಗೆ 6.40ಕ್ಕೆ ಬರೆಯಲು ಕೂತೆ.

ಅಮರೇಶಪ್ಪ ಮೇಸ್ತ್ರಿ ಕಳ್ಳರಲ್ಲ. ಅವರು ನನ್ನ ಕಾರಿನ ಎಂಜಿನ್ ಬದಲಾಯಿಸಲಿಲ್ಲ. ಬದಲಾಯಿಸಿದರು ಎಂದು ಎಂಟು ಜನರಿಗೆ ಬರೆದು ತಿಳಿಸಿದವನು ನಾನು. ಬರೆದ ಒಂಬತ್ತನೆಯ ದಿನ ಅದು ಸುಳ್ಳೆಂದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನಿದ್ದೆ — ನಿನ್ನೆಯವರೆಗೆ, 969 ದಿನ.

ತಪ್ಪು ತಿಳಿದುಕೊಂಡದ್ದು ಒಂದು. ಸುಮ್ಮನಿದ್ದದ್ದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಹೇಳಬಲ್ಲೆ. ಎರಡನೆಯದಕ್ಕೆ — ಬರೆಯುತ್ತಾ ಹೋದರೆ ಸಿಗಬಹುದು ಅಂದುಕೊಂಡಿದ್ದೇನೆ.

ಕನ್ನಡ ಸಂಘದ ವಾರ್ಷಿಕ ಸಂಚಿಕೆಯವರು ನನ್ನಿಂದ ಕೇಳಿದ್ದು ಹಳೆಯ ಕಾರು ರಿಪೇರಿ ಮಾಡಿಸಿದ ಅನುಭವದ ಬಗ್ಗೆ ಒಂದು ಹಗುರವಾದ ಲೇಖನ. ಹಾಗೇ ಶುರು ಮಾಡಿದ್ದೆ. ಎರಡು ಪುಟವಾದ ಮೇಲೆ ಹರಿದು ಹಾಕಿದೆ.

ನಾನು ಹಿರಿಯೂರಿನವನು. ವಿಶಾಖಪಟ್ಟಣದ ಒಂದು ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಎಂಜಿನಿಯರ್. ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತೇನೆ. ಏಪ್ರಿಲ್ 9, 2005ರಂದು ನನಗೆ ಜಪಾನಿನ ಒಂದು ಸ್ಪೋರ್ಟ್ಸ್ ಕಾರು ಸಿಕ್ಕಿತು: 1974ರ ಸೆಲಿಕಾ, ಎರಡು ಬಾಗಿಲು, ಉದ್ದನೆಯ ಮೂತಿ. ಮಾರಿದವರು ಹಡಗಿನಲ್ಲಿ ಎಂಜಿನಿಯರ್ ಆಗಿದ್ದ ಮೂರ್ತಿಗಾರು; ಅದನ್ನು ಅವರೇ ಬಂದರಿನಲ್ಲಿ ಇಳಿಸಿ ತಂದಿದ್ದರಂತೆ. ನಾನು ನೋಡುವ ಹೊತ್ತಿಗೆ ಅದು ಹದಿನಾಲ್ಕು ವರ್ಷ ಟಾರ್ಪಾಲಿನ ಕೆಳಗೆ ನಿಂತು, ಸಮುದ್ರದ ಗಾಳಿಗೆ ಬಾಗಿಲಿನ ಕೆಳಅಂಚೆಲ್ಲ ತುಕ್ಕು ತಿಂದು ಹಪ್ಪಳದಂತಾಗಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಆದರೂ ಸ್ಟಿಯರಿಂಗ್ ಹಿಂದೆ ಕೂತ ಆ ನಿಮಿಷ ನನಗೆ — ಇರಲಿ, ಅದು ಈ ಬರಹದ ವಿಷಯವಲ್ಲ.

ಕೊಂಡ ದಿನವೇ ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು ತೆಗೆದುಕೊಂಡೆ. ಆರ್‌ಟಿಒ ಕಚೇರಿಯಲ್ಲಿ ಮಾಡುತ್ತಾರಲ್ಲ, ಹಾಗೆ: ಎಂಜಿನ್ ಮೇಲೆ ಕೊರೆದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಕೊನೆಯ ಅಂಕಿ 3. ಆರ್‌ಸಿ ಪುಸ್ತಕದಲ್ಲೂ 3. ತಾಳೆಯಾಯಿತು ಎಂದು ಟಿಕ್ ಹಾಕಿದೆ. ಹಳೆಯ ಕಾರುಗಳ ಹುಚ್ಚಿರುವವರಿಗೆ ಇದು ದೊಡ್ಡ ವಿಷಯ. ಕಾರ್ಖಾನೆಯಿಂದ ಜೊತೆಗೇ ಬಂದ ಎಂಜಿನ್ ಇದ್ದರೆ ಅದು ಆ ಕಾರು. ಇಲ್ಲದಿದ್ದರೆ ಬರೀ ತಗಡು.

ನಮ್ಮಲ್ಲಿ ಇಂಥ ಹಳೆಯ ಜಪಾನಿ ಕಾರು ಇದ್ದವರು ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಒಂಬತ್ತು ಜನ. ಎಲ್ಲರಿಗೂ ಮೇಸ್ತ್ರಿ ಒಬ್ಬರೇ — ವಿಜಯವಾಡದ ಆಟೋನಗರದ ಅಮರೇಶಪ್ಪ. ಲಿಂಗಸುಗೂರಿನವರು, ಐವತ್ತು ದಾಟಿದ ವಯಸ್ಸು, ಇಪ್ಪತ್ತು ವರ್ಷದಿಂದ ಅಲ್ಲೇ ಒಂದು ತಗಡಿನ ಶೆಡ್ಡು. ಬಿಡಿಭಾಗ ಸಿಗದ ಕಾರಿಗೆ ಭಾಗವನ್ನೇ ಮಾಡಿ ಹಾಕುವ ಮನುಷ್ಯ. ನಾನು ಕನ್ನಡದಲ್ಲಿ ಬಾಯಿ ಬಿಟ್ಟ ಕೂಡಲೇ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, ‘ನಮ್ಮೋರೇನ್ರೀ! ಕುಂದರ್ರಿ, ಮೊದಲ ಚಾ ಕುಡೀರಿ’ ಅಂದರು. ಜೂನ್ 11, 2005.

ಆ ಆದರವೇ ನನಗೆ ಮೊದಲ ಅನುಮಾನ. ‘ಭಾಷೆಯ ಹೆಸರಿನಲ್ಲಿ ಹತ್ತಿರ ಬರುತ್ತಿದ್ದಾರೆ, ಎಚ್ಚರ’ ಎಂದು ಆ ದಿನದ ಪುಟದಲ್ಲಿದೆ. ನನ್ನದೇ ಕೈಬರಹ.

ಅಂದಿನಿಂದ ಒಂದು ಬೇರೆ ಪುಸ್ತಕ ಇಟ್ಟೆ. ಮೂರು ಕಾಲಂ: ತಾರೀಕು, ಅವರು ಹೇಳಿದ್ದು, ನಾನು ಕಂಡದ್ದು. ಒಂಬತ್ತು ತಿಂಗಳಲ್ಲಿ ಹದಿನೇಳು ಸಲ ರೈಲಿನಲ್ಲಿ ಹೋಗಿ ಬಂದೆ. ಹೋದಾಗಲೆಲ್ಲ ಎಣಿಸುತ್ತಿದ್ದೆ, ಅಳೆಯುತ್ತಿದ್ದೆ. ಅವರಿಗೆ ಗೊತ್ತಾಗುತ್ತಿಲ್ಲ ಅಂದುಕೊಂಡಿದ್ದೆ.

‘ಬಂದ್ರು ನೋಡಪಾ ನಮ್ಮ ಆಡಿಟ್ ಸಾಹೇಬ್ರು!’ ಎಂದು ಪಕ್ಕದ ಲೇತ್ ಅಂಗಡಿಯ ಅಪ್ಪಾರಾವುಗೆ ಕೂಗಿ ಹೇಳುತ್ತಿದ್ದರು. ‘ಇವತ್ತು ಎಷ್ಟು ಬೋಲ್ಟ್ ಎಣಸ್ತೀರಿ ಸಾಹೇಬ್ರ? ನಿನ್ನೆ ಒಂದು ನುಂಗೀನಿ ನಾನು, ಬರಕೋರಿ.’

ಅಪ್ಪಾರಾವುಗೆ ಕನ್ನಡ ಬಾರದು, ಆದರೂ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆಮೇಲೆ ಬೋಲ್ಟು ಎಣಿಸುತ್ತಿದ್ದೆ.

ಪುಸ್ತಕದಿಂದ ಕೆಲವನ್ನು ಇಲ್ಲಿ ಎತ್ತಿ ಬರೆಯುತ್ತೇನೆ. ಜುಲೈ 9: ಮೀಟರ್ ಮೂರು ಕಿಲೋಮೀಟರ್ ಹೆಚ್ಚು ತೋರಿಸುತ್ತಿದೆ, ಯಾರು ಓಡಿಸಿದರು, ಎಲ್ಲಿಗೆ? (ಬ್ರೇಕ್ ಹಿಡಿಯುತ್ತದೋ ಇಲ್ಲವೋ ನೋಡಲು ಆಟೋನಗರದೊಳಗೆ ಒಂದು ಸುತ್ತು. ಕೇಳಿದ್ದರೆ ಹೇಳುತ್ತಿದ್ದರು.) ಅಕ್ಟೋಬರ್ 15: ನಾನು ಬಂದದ್ದು ಕಂಡು ಫೋನ್ ಇಟ್ಟುಬಿಟ್ಟರು. ಡಿಸೆಂಬರ್ 10: ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಇನ್ನೊಂದು ಎಂಜಿನ್, ನನ್ನದರ ಜಾತಿಯದೇ. ಕೇಳಿದೆ. ‘ಅದಾ? ಗುಜರೀದ್ರಿ. ನಿಮ್ಮ ಗಾಡಿ ಸಲುವಾಗೇ ತಂದೀನಿ. ರಾಕರ್ ಮತ್ತೆಲ್ಲಿ ಸಿಗಬೇಕು?’ ಅಂದರು. ಡಿಸೆಂಬರ್ 24: ಆ ಎಂಜಿನ್ ಅಲ್ಲಿಲ್ಲ.

ನನ್ನ ಎಂಜಿನ್‌ಗೆ ಬೇಕಾದ ತುಂಡು ಬಿಚ್ಚಿಕೊಂಡು ಉಳಿದದ್ದನ್ನು ವಾಪಸ್ ಗುಜರಿಗೆ ಹಾಕಿದ್ದರು — ಅಷ್ಟೇ. ನನ್ನ ಪುಸ್ತಕದಲ್ಲಿ ಮಾತ್ರ ಆ ಸಾಲಿನ ಕೆಳಗೆ ಕೆಂಪು ಗೆರೆ ಇದೆ.

ಮಾರ್ಚ್ 11, 2006, ಶನಿವಾರ. ಎಂಜಿನ್ ಕೆಲಸ ಮುಗಿದು ಸ್ಟ್ಯಾಂಡಿನ ಮೇಲೆ ಕೂತಿತ್ತು. ಹಳೆಯ ಹಸಿರು ಬಣ್ಣವನ್ನೆಲ್ಲ ಕರಗಿಸಿ ತೆಗೆದು, ಹೊಸದಾಗಿ ಬೂದು ಬಣ್ಣ ಹೊಡೆದಿದ್ದರು. ನಂಬರಿನ ಜಾಗಕ್ಕೆ ಮಾತ್ರ ಬಣ್ಣವಿಲ್ಲ. ತೆಳ್ಳಗೆ ಗ್ರೀಸು ಸವರಿದ್ದರು. ಅಲ್ಲಿಗೇ ಯಾಕೆ ಗ್ರೀಸು? ಮೇಸ್ತ್ರಿ ಚಹಾ ಹೇಳಲು ಹೊರಗೆ ಹೋದಾಗ ಒರೆಸಿ, ಕಾಗದ ಇಟ್ಟು, ಉಜ್ಜಿದೆ.

ಕೊನೆಯ ಅಂಕಿ 8.

ಜೇಬಿನಲ್ಲಿ ಹಳೆಯ ಅಚ್ಚು ಇತ್ತು. ಎರಡನ್ನೂ ಪಕ್ಕಪಕ್ಕ ಹಿಡಿದೆ. ಈಗ ಒಪ್ಪಿಕೊಳ್ಳಬೇಕಾದ ಮಾತು ಇದು — ನನಗೆ ಆಗ ದುಃಖವಾಗಲಿಲ್ಲ. ಒಂದು ಥರದ ಸಮಾಧಾನ ಆಯಿತು. ಒಂಬತ್ತು ತಿಂಗಳು ಸುಮ್ಮನೆ ಅನುಮಾನಪಟ್ಟಿಲ್ಲ ಎಂಬ ಸಮಾಧಾನ.

ಮೇಸ್ತ್ರಿ ಎರಡು ಲೋಟ ಹಿಡಿದು ಬಂದರು. ಅಪ್ಪಾರಾವು, ಅವನ ಅಂಗಡಿಗೆ ಬಂದಿದ್ದ ನಾಲ್ಕು ಜನ, ಎಲ್ಲರೂ ಅಲ್ಲೇ ಇದ್ದರು. ಅವರಿಗೂ ತಿಳಿಯಲಿ ಎಂದು ತೆಲುಗಿನಲ್ಲೇ ಕೇಳಿದೆ: ‘ನಾ ಇಂಜನ್ ಎಕ್ಕಡ?’ ನನ್ನ ಎಂಜಿನ್ ಎಲ್ಲಿ?

ಅವರು ಕನ್ನಡದಲ್ಲೇ ಉತ್ತರಿಸಿದರು. ‘ಯಾಕ್ರೀ ಹಿಂಗ ಕೇಳ್ತೀರಿ? ನಿಮ್ಮ ಮುಂದ ಐತಲ್ಲ.’

ಎರಡೂ ಕಾಗದ ತೋರಿಸಿದೆ. ಅವರು ಲೋಟ ಕೆಳಗಿಟ್ಟು, ಕೈ ಒರೆಸಿಕೊಂಡು ನೋಡಿದರು. ‘ಇದು ಮೊದಲಿಂದ ಎಂಟೇ ಐತ್ರಿ. ಬಣ್ಣ ದಪ್ಪ ಕುಂತು ಅರ್ಧ ಅಂಕಿ ಮುಚ್ಚಿತ್ತು. ಕರಗಿಸಿದ ಮ್ಯಾಲ ನನಗೂ ಕಂಡಿದ್ದು. ನಿಮಗ ತೋರಸಬೇಕಂತನ ಅಲ್ಲಿ ಬಣ್ಣ ಹೊಡೀದ, ತುಕ್ಕು ಹಿಡೀಬಾರದಂತ ಗ್ರೀಸ್ ಸವರಿ ಬಿಟ್ಟೀನಿ. ಆರ್‌ಸಿ ತಿದ್ದಿಸಬೇಕಲ್ಲ.’

ಉತ್ತರ ಅಲ್ಲೇ ಇತ್ತು, ಪೂರ್ತಿಯಾಗಿ. ಆದರೆ ಅದು ಅಷ್ಟು ಬೇಗ ಬಂತು, ಅಷ್ಟು ಸರಿಯಾಗಿ ಕೂತಿತು ಎಂಬುದೇ ನನಗೆ ಇನ್ನೊಂದು ಸಾಕ್ಷಿಯಾಗಿ ಕಂಡಿತು. ಮೊದಲೇ ತಯಾರಿ ಮಾಡಿಕೊಂಡಿದ್ದಾರೆ ಅಂದುಕೊಂಡೆ.

‘ಕಥೆ ಚೆನ್ನಾಗಿದೆ ಅಮರೇಶಣ್ಣ,’ ಅಂದೆ. ‘ಕದ್ದ ಎಂಜಿನ್ ಯಾರಿಗೆ ಮಾರಿದಿರಿ, ಅದನ್ನೂ ಹೇಳಿಬಿಡಿ.’

‘ಹದಿನೇಳು ಸಲ ಬಂದ್ರಿ,’ ಅಂದರು. ಅವರೂ ಲೆಕ್ಕ ಇಟ್ಟಿದ್ದರು! ‘ಅಷ್ಟೂ ಸಲ ನಂಬರ್ ನೋಡಾಕ ಬಂದ್ರೇನು? ನನ್ನ ಕೆಲಸ ಒಮ್ಮೆನೂ ನೋಡಲಿಲ್ಲ?’

ನಾಲ್ಕನೇ ದಿನ ಲಾರಿ ತಂದು ಕಾರು, ಎಂಜಿನ್ ಎರಡನ್ನೂ ಏರಿಸಿದೆ. ಏರಿಸುವಾಗ ಅವರು ಬಂದು ಹಗ್ಗದ ಗಂಟು ತಾವೇ ಬಿಗಿದರು. ‘ಸಿಟ್ಟು ಇದ್ರ ಇರಲಿ. ಸಾವಿರ ಕಿಲೋಮೀಟರ್ ಆದ ಮ್ಯಾಲ ಹೆಡ್ ಬೋಲ್ಟ್ ಇನ್ನೊಮ್ಮೆ ಬಿಗೀಬೇಕು. ಮರೀಬ್ಯಾಡ್ರಿ.’ ಮಾರ್ಚ್ 13ರ ಸೋಮವಾರವೇ ಎರಡೂ ಅಚ್ಚುಗಳನ್ನು ಸ್ಕ್ಯಾನ್ ಮಾಡಿ, ಗೋಣಿಚೀಲದ ಎಂಜಿನ್ ಕಾಣೆಯಾದ ತಾರೀಕನ್ನೂ ಸೇರಿಸಿ, ಉಳಿದ ಎಂಟು ಜನರಿಗೆ ಇಮೇಲ್ ಕಳಿಸಿಯಾಗಿತ್ತು.

ಅನಕಾಪಲ್ಲಿಯಲ್ಲಿ ಬೆಲ್ಲದ ಮಂಡಿ ಇಟ್ಟಿರುವ ಹಿರಿಯರೊಬ್ಬರು ನಮ್ಮಲ್ಲಿ ಮೊದಲಿಗರು. ಹತ್ತು ವರ್ಷದಿಂದ ಅಮರೇಶಣ್ಣನ ಗಿರಾಕಿ. ಫೋನ್ ಮಾಡಿ ನನಗೆ ಹೇಳಿದ್ದು ಒಂದೇ ವಾಕ್ಯ: ‘ಮೀರು ರಾಸುಕುನ್ನಾರಂಟೇ ನಿಜಮೇ ಅಯ್ಯುಂಟುಂದಿ ಬಾಬು.’ ನೀವು ಬರೆದುಕೊಂಡಿದ್ದೀರಿ ಅಂದರೆ ನಿಜವೇ ಇರಬೇಕು. ಬೇರೆ ಯಾರಾದರೂ ಹೇಳಿದ್ದರೆ ಅವರು ವಿಚಾರಿಸುತ್ತಿದ್ದರು. ತಾರೀಕು ಹಾಕಿ ಬರೆಯುವ ನಾನು ಹೇಳಿದೆ, ನಂಬಿದರು.

ಇನ್ನೂ ಬಲವಾದ ಸಾಕ್ಷಿ ಬೇಕೆಂದು ಮಾರ್ಚ್ 22ರ ಬುಧವಾರ ಸಂಜೆ ಮೂರ್ತಿಗಾರು ಮನೆಗೆ ಹೋದೆ. ಹಳೆಯ ಎಂಜಿನ್ ನಂಬರ್ 3 ಎಂದು ಅವರಿಂದ ಒಂದು ಚೀಟಿ ಬರೆಸಿಕೊಳ್ಳಬೇಕಿತ್ತು. ಅವರು ಟ್ರಂಕಿನಿಂದ ಕಸ್ಟಮ್ಸ್ ಕಾಗದ ತೆಗೆದರು. ಟೈಪ್ ಮಾಡಿದ ಅಕ್ಷರ. ಕೊನೆಯ ಅಂಕಿ 8.

ಮೂರ್ತಿಗಾರು ನಕ್ಕರು. ಉಪ್ಪುಗಾಳಿಗೆ ಹಾಳಾಗಬಾರದು ಎಂದು ಎಂಜಿನ್‌ಗೆ ಹಡಗಿನ ಹಸಿರು ಬಣ್ಣವನ್ನು ಎರಡು ಕೋಟು ಬಳಿಸಿದ್ದರಂತೆ. ಕಾರು ನೋಂದಾಯಿಸಿದ್ದು ಆಮೇಲೆ. ಅಚ್ಚು ತೆಗೆದವನಿಗೆ 3 ಎಂದು ಕಂಡಿತು, 3 ಎಂದೇ ಬರೆದುಕೊಂಡ. ಯಾರು ತಿದ್ದಿಸುತ್ತಾ ಓಡಾಡುತ್ತಾರೆ ಎಂದು ಇವರೂ ಬಿಟ್ಟರು. ನಾನು ನನ್ನ ಅಚ್ಚು ಉಜ್ಜಿದ್ದೂ ಅದೇ ಬಣ್ಣದ ಮೇಲೆ. ಅದೇ ತಪ್ಪನ್ನು ನಾನು ಇನ್ನೊಮ್ಮೆ ಮಾಡಿ, ಎರಡೂ ತಾಳೆಯಾಯಿತಲ್ಲ ಎಂದು ಟಿಕ್ ಹಾಕಿದ್ದೆ.

ಆ ದಿನದ ಪುಟ ತೆಗೆದು ನೋಡಿದೆ ಈಗ. ‘ಮೂರ್ತಿಗಾರು ಮನೆ. ಕಾಗದ ನೋಡಿದೆ.’ ಅಷ್ಟೇ ಇದೆ. ಕಾಗದದಲ್ಲಿ ಏನಿತ್ತು ಎಂದು ಬರೆದಿಲ್ಲ. ಏನು ತಿಂದೆ, ಎಷ್ಟಕ್ಕೆ ಮಲಗಿದೆ ಎಂಬುದನ್ನೂ ಬಿಡದವನು —

ಆ ಸಂಜೆಯೇ ಎಂಟು ಜನರಿಗೆ ಎರಡು ಸಾಲು ಬರೆಯಬಹುದಿತ್ತು. ಆಗ ಶೆಡ್ಡಿನಿಂದ ಕಾರು ತೆಗೆದವರು ಇಬ್ಬರೇ. ನಾಳೆ ಬರೆಯೋಣ ಅಂದುಕೊಂಡೆ. ಮೇ ತಿಂಗಳ ಹೊತ್ತಿಗೆ ಎಂಟೂ ಜನ ತೆಗೆದಿದ್ದರು. ನನ್ನ ಮಾತನ್ನು ಇನ್ನು ಯಾರೂ ನಂಬುವುದಿಲ್ಲ ಎಂಬ ಭಯ ನನಗೆ. ಅವರ ಮಾತನ್ನು ಆಗಲೇ ಯಾರೂ ನಂಬುತ್ತಿರಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ನನ್ನಿಂದ ಆಗಲಿಲ್ಲ. ಕಾರಣ ಸಿಗಬಹುದು ಅಂದಿದ್ದೆ. ಇದಕ್ಕಿಂತ ದೊಡ್ಡದು ಸಿಗಲಿಲ್ಲ.

ಕಾರನ್ನು ಮಧುರವಾಡದ ಒಂದು ಗ್ಯಾರೇಜಿನಲ್ಲಿ ಜೋಡಿಸಿದರು. ಮೊದಲ ಸಲಕ್ಕೇ ಎಂಜಿನ್ ಎದ್ದಿತು. ಸಾವಿರ ಕಿಲೋಮೀಟರ್ ಆದ ದಿನ ಹೆಡ್ ಬೋಲ್ಟ್ ನಾನೇ ಬಿಗಿದೆ.

ಆಗಸ್ಟ್ 19, 2006, ಬೆಳಿಗ್ಗೆ 11.10. ಅಮರೇಶಣ್ಣನ ಫೋನ್ ಬಂತು. ಬೈಯುತ್ತಾರೆ ಅಂದುಕೊಂಡು ಎತ್ತಿದೆ.

‘ಸಾಹೇಬ್ರ, ಗಾಡಿ ಹೆಂಗೈತಿ? ಟ್ಯಾಪೆಟ್ ಸಪ್ಪಳ ಏನರ ಬರ್ತದೇನು?’

‘ಇಲ್ಲ.’

‘ಹಂಗಾರ ಛಲೋ. ಆ ಒಂದು ಕೆಲಸದ ಮ್ಯಾಲ ಮನಸ್ಸಿತ್ತು, ಕೇಳಿದೆ. ಶೆಡ್ ಬಿಡಾಕತ್ತೀನ್ರಿ. ಕೊಂಡಪಲ್ಲಿ ಕಡೆ ಫ್ಯಾಕ್ಟರ್ಯಾಗ ಫಿಟ್ಟರ್ ಕೆಲಸ ಐತಂತ.’

ಆಮೇಲೂ ಅವರು ಫೋನ್ ಇಡಲಿಲ್ಲ. ಕಾಯುತ್ತಿದ್ದರು. ಅದು ನನಗೆ ಗೊತ್ತಿತ್ತು. ‘ಎಂಟೇ’ ಎಂದು ಒಂದು ಮಾತು ಸಾಕಿತ್ತು.

‘ಡ್ಯೂಟಿಯಲ್ಲಿದ್ದೇನೆ ಅಮರೇಶಣ್ಣ, ಆಮೇಲೆ ಮಾಡುತ್ತೇನೆ,’ ಅಂದೆ.

ಅಂದು ಶನಿವಾರ. ನನಗೆ ರಜೆ. ಮನೆಯ ಮುಂದೆ ಕಾರು ತೊಳೆಯುತ್ತಾ ನಿಂತಿದ್ದೆ.

ಮಾಡಲಿಲ್ಲ. ಈ ವರ್ಷ ಮಾಡಿದಾಗ ಆ ನಂಬರ್ ಬೇರೆ ಯಾರದೋ ಆಗಿತ್ತು. ಅಕ್ಟೋಬರಿನಲ್ಲಿ ಎರಡು ಸಲ ಕೊಂಡಪಲ್ಲಿಗೆ ಹೋಗಿ ಏಳು ಕಾರ್ಖಾನೆಗಳ ಗೇಟಿನಲ್ಲಿ ವಿಚಾರಿಸಿದೆ. ಒಂದು ಕಡೆ, ಅಂಥವರೊಬ್ಬರು ಇದ್ದರು, ಹೋದ ವರ್ಷವೇ ಬಿಟ್ಟರು ಅಂದರು. ಎಲ್ಲಿಗೆ ಎಂದು ಗೊತ್ತಿಲ್ಲ. ಆಟೋನಗರದಲ್ಲಿ ಅಪ್ಪಾರಾವು ನನ್ನ ಮುಖ ನೋಡಿ ಲೇತು ಚಾಲೂ ಮಾಡಿದ. ಸದ್ದಿನಲ್ಲಿ ನನ್ನ ಮಾತು ಕೇಳಿಸದ ಹಾಗೆ.

ನಿನ್ನೆ ಆ ಎಂಟೂ ಜನರಿಗೆ ಕಸ್ಟಮ್ಸ್ ಕಾಗದದ ನಕಲು ಕಳಿಸಿದ್ದೇನೆ, ಈ ಬರಹದಲ್ಲಿರುವ ಎಲ್ಲವನ್ನೂ ತೆಲುಗಿನಲ್ಲಿ ಬರೆದು. ಅನಕಾಪಲ್ಲಿಯ ಹಿರಿಯರು ರಾತ್ರಿಯೇ ಉತ್ತರಿಸಿದರು: ಇನ್ನು ಮುಂದೆ ನನಗೆ ಏನನ್ನೂ ಬರೆಯಬೇಡಿ. ಸರಿಯಾಗಿಯೇ ಇದೆ.

ಈ ಸಂಚಿಕೆ ಓದುವವರಲ್ಲಿ ಇಬ್ರಾಹಿಂಪಟ್ಟಣದ ವಿದ್ಯುತ್ ಸ್ಥಾವರದಲ್ಲಿ, ಕೊಂಡಪಲ್ಲಿ, ವಿಜಯವಾಡದ ಕಡೆ ಕೆಲಸದಲ್ಲಿರುವ ನಮ್ಮವರು ಬಹಳ ಇದ್ದೀರಿ. ರಾಯಚೂರು, ಲಿಂಗಸುಗೂರಿನ ಕಡೆಯವರೂ ಇದ್ದೀರಿ. ಅಮರೇಶಪ್ಪ, ಈಗ ಐವತ್ತೈದರ ಆಸುಪಾಸು, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ, ಕೆಲಸ ಮಾಡುವಾಗ ತಮ್ಮಷ್ಟಕ್ಕೇ ಮಾತಾಡಿಕೊಳ್ಳುತ್ತಾರೆ. ಎಲ್ಲಿದ್ದಾರೆಂದು ಗೊತ್ತಿದ್ದವರು ದಯವಿಟ್ಟು ಸಂಘಕ್ಕೆ ಬರೆಯಿರಿ. ಸಂಘದವರು ನನಗೆ ತಲುಪಿಸುತ್ತಾರೆ. ಬರೆಯುವ ಮೊದಲು ಈ ಪುಟಗಳನ್ನು ಅಮರೇಶಣ್ಣನಿಗೆ ತೋರಿಸಿ, ಅವರ ಮಾತು ಕೇಳಿ. ನಾನು ಬರುವುದು ಬೇಡ ಎಂದರೆ ವಿಳಾಸ ಕೊಡಬೇಡಿ. ಬೇಡ ಎಂದರು ಎಂಬುದನ್ನು ಮಾತ್ರ ಬರೆಯಿರಿ.