ನೀಲಿ ಬಟ್ಟೆ ಕಾಯ್ದ ನೈಗಾಗ

ಊಟಕ್ಕೆ ಕೂತ ಬಲಿಕೋವ ಗೆಣಸಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ನಿದ್ದೆಹೋದ. ಅವನ ಹೆಂಡತಿ ನೈಗಾಗಳಿಗೆ ದಿಗಿಲಾಯಿತು. ಬುಸೋಗ ಸೀಮೆಯ ಆ ಊರಿನಲ್ಲಿ ಎಲ್ಲರಿಗಿಂತ ಮೊದಲು ಗುದ್ದಲಿ ಹೆಗಲಿಗೇರಿಸುತ್ತಿದ್ದವನು ಅವನು. ಈಗ ಹಗಲೆಲ್ಲ ತೂಕಡಿಕೆ, ಎಬ್ಬಿಸಿದರೆ ಬೈಗುಳ. ಒಂದು ದಿನ ಪಕ್ಕದ ಮನೆಯ ಎಳೆಯ ಬಾಳೆಗೊನೆಗಳನ್ನೆಲ್ಲ ಕಾರಣವಿಲ್ಲದೆ ಕಡಿದು ಹಾಕಿದ. ದೆವ್ವ ಹಿಡಿದಿದೆ ಎಂದರು ಜನ. ಮಂತ್ರವಾದಿ ಬಂದ, ಎರಡು ಆಡು ಬಲಿಯಾದವು, ಮೂರು ತಿಂಗಳು ಕಳೆದುಹೋದವು.

ಅತ್ತೆ ಕಗೋಯ ಮಾತ್ರ ಒಮ್ಮೆ ‘ಮೊಂಗೋಟ’ ಎಂದು ಪಿಸುಗುಟ್ಟಿ ಸುಮ್ಮನಾಗಿದ್ದಳು. ನಿದ್ದೆರೋಗಕ್ಕೆ ಅಲ್ಲಿನ ಹೆಸರು ಅದು. ಅವಳ ತಾಯಿಯ ಕಾಲದಲ್ಲಿ ಸರೋವರದ ದಂಡೆಯ ಊರಿಗೆ ಊರೇ ಅದಕ್ಕೆ ಬಲಿಯಾಗಿತ್ತು. ಉಳಿದವರನ್ನು ಬಿಳಿಯರ ಸರ್ಕಾರ ಒಕ್ಕಲೆಬ್ಬಿಸಿ ಒಳನಾಡಿಗೆ ಅಟ್ಟಿತ್ತು. ಆ ರೋಗದ ಕಾಲ ಮುಗಿಯಿತೆಂದೇ ಎಲ್ಲರೂ ನಂಬಿದ್ದರು. ಆದರೆ ಕಾಫಿಗೂ ಹತ್ತಿಗೂ ಬೆಲೆಯಿಲ್ಲದ ವರ್ಷಗಳಲ್ಲಿ ಜನ ತೋಟಗಳನ್ನು ಪಾಳುಬಿಟ್ಟರು. ಲಂಟಾನದ ಪೊದೆ ಹಿತ್ತಿಲವರೆಗೂ ಬೆಳೆದು ಬಂತು. ಅದರ ನೆರಳು ಹಿಡಿದು ರೋಗ ಹರಡುವ ಸೆಟ್ಸೆ ನೊಣವೂ ಬಂತು.

ಕೊನೆಗೆ ಸೈಕಲ್ಲಿನ ಹಿಂದೆ ಕಟ್ಟಿ ಕೂರಿಸಿಕೊಂಡು ಬಲಿಕೋವನನ್ನು ಆಸ್ಪತ್ರೆಗೆ ಒಯ್ದಾಗ ರೋಗ ಮಿದುಳಿಗೆ ಏರಿತ್ತು. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ನೋಡಿದರು, ಔಷಧಿ ಹಾಕಿದರು. ಹನ್ನೊಂದನೆಯ ದಿನ ಅವನು ತೀರಿಕೊಂಡ. ಅವನನ್ನು ಕೊಂದದ್ದು ಆ ಸೂಜಿಯೇ ಎಂದು ಊರೆಲ್ಲ ಮಾತಾಯಿತು. ಅಲ್ಲಿಂದ ಮುಂದೆ ಯಾರಿಗೇ ತೂಕಡಿಕೆ ಬರಲಿ, ಮನೆಯವರು ಬಾಗಿಲು ಮುಚ್ಚಿಕೊಂಡು ಬಚ್ಚಿಡತೊಡಗಿದರು.

ನಾಲ್ಕು ತಿಂಗಳ ಮೇಲೆ ನೈಗಾಗಳ ಮೊಣಕೈ ಹತ್ತಿರ ನೊಣ ಕಚ್ಚಿದ ಜಾಗ ಊದಿ ಹುಣ್ಣಾಯಿತು. ಆಮೇಲೆ ಜ್ವರ ಬಂತು. ಅವಳು ಯಾರನ್ನೂ ಕೇಳದೆ ಬಟ್ಟೆ ಗಂಟು ಕಟ್ಟಿದಳು. ಕಗೋಯ ಬಾಗಿಲಿಗೆ ಅಡ್ಡ ನಿಂತಳು.

“ಮಗನ್ನ ಕಳ್ಕೊಂಡೆ, ಈಗ ನಿನ್ನೂ ಕಳಿಸ್ಲಾ? ಬೆನ್ನಿನ ನೀರು ತೆಗೆದ್ರೆ ಜೀವಾನೂ ಅದ್ರ ಜೊತೇಲೇ ಹೋಗುತ್ತೆ ಕಣೇ.”

“ಅವ್ರು ಹೋಗಿದ್ದು ಸೂಜಿಯಿಂದಲ್ಲ ಅತ್ತೆ. ನಾವು ಮೂರು ತಿಂಗಳು ದೆವ್ವ ಬಿಡಿಸ್ತಾ ಕೂತಿದ್ವಲ್ಲ, ಅದ್ರಿಂದ. ನಂಬಿಕೆ ಇಲ್ದಿದ್ರೆ ನೀವೂ ಬನ್ನಿ. ಕಣ್ಣಾರೆ ನೋಡಿ.”

ಕಗೋಯ ಹೋದಳು. ಸೊಸೆ ಮಂಚದ ಮೇಲೆ ಬೆನ್ನು ಬಾಗಿಸಿ ಕೂತಾಗ ಅವಳ ಎರಡೂ ಕೈ ಹಿಡಿದುಕೊಂಡಳು. ನೈಗಾಗಳಿಗೆ ನೋವಿನಿಂದ ಕಣ್ಣಲ್ಲಿ ನೀರು ಬಂತು. ಆದರೂ, ಈ ಸಲ ಕಡಲೆಕಾಯಿ ಯಾವ ಮಡಿಯಲ್ಲಿ ಹಾಕೋಣ ಎಂದು ಅತ್ತೆಯನ್ನು ಕೇಳುತ್ತಲೇ ಇದ್ದಳು. ತೆಗೆದ ನೀರನ್ನು ಪರೀಕ್ಷಿಸಿದರು. ರೋಗ ಇನ್ನೂ ಮಿದುಳು ಮುಟ್ಟಿಲ್ಲ ಎಂದು ತಿಳಿಯಿತು. ನಾಲ್ಕಾರು ವಾರ ಚುಚ್ಚುಮದ್ದು ತೆಗೆದುಕೊಂಡು ನೈಗಾಗ ತನ್ನ ಕಾಲ ಮೇಲೆ ನಡೆದು ಊರಿಗೆ ಬಂದಳು.

ಅದಾದ ಮೇಲೆ ಅವಳಿಗಿಂತ ಹೆಚ್ಚು ಮಾತಾಡಿದವಳು ಕಗೋಯ. ಬಾವಿಕಟ್ಟೆಯಲ್ಲಿ, ರಾಗಿ ಹೆಂಡದ ಮಡಕೆಯ ಸುತ್ತ ಕೂತವರ ನಡುವೆ, ಎಲ್ಲೆಂದರಲ್ಲಿ ಸೊಸೆಯ ಬೆನ್ನಿನ ಕಥೆ. ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು. ಆಸ್ಪತ್ರೆಗೆ ಹೊರಟವರೆಲ್ಲ ನೈಗಾಗ ಜೊತೆಗಿರಲಿ ಎಂದು ಕೇಳುತ್ತಿದ್ದರು. ಅವಳು ಹನ್ನೆರಡು ಮೈಲಿ ಸೈಕಲ್ ತಳ್ಳಿಕೊಂಡು ಹೋಗಿ, ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, ಸೂಜಿ ಹೊರಗೆ ಬರುವವರೆಗೂ ಅವರವರ ಹೊಲದ ಸುದ್ದಿ ಕೇಳುತ್ತಿದ್ದಳು. ಏಳೆಂಟು ವರ್ಷ ಹೀಗೇ ನಡೆಯಿತು. ಎಲ್ಲರೂ ಬದುಕಲಿಲ್ಲ. ಸತ್ತವರ ಮನೆಗೂ ಅವಳು ಹೋಗಿ ಕೂತು ಬೈಗುಳ ಕೇಳಿಸಿಕೊಂಡು ಬರುತ್ತಿದ್ದಳು.

ಆಮೇಲೆ ಸರ್ಕಾರದವರು ನೊಣದ ಬಲೆಗಳನ್ನು ತಂದರು. ಕೆಳಗೆ ನೀಲಿ, ಕಪ್ಪು ಬಟ್ಟೆ, ಮೇಲೆ ಬಿಳಿಯ ಪರದೆ. ನೀಲಿಗೆ ಮರುಳಾಗಿ ಬಂದ ನೊಣ ಮೇಲೇರಿ ಸಿಕ್ಕಿಬೀಳುತ್ತದೆ. ಬಟ್ಟೆ ಹೊಲಿಯಲು ಬರುತ್ತಿದ್ದ ನೈಗಾಗಳಿಗೆ ಇಪ್ಪತ್ತು ಬಲೆ ಕಾಯುವ ಕೆಲಸ ಒಪ್ಪಿಸಿದರು. ಅಂಗಡಿಗಳಲ್ಲಿ ಬಟ್ಟೆಯೇ ಸಿಗದ ಕಾಲ ಅದು. ತಿಂಗಳೊಳಗೆ ಆರು ಬಲೆಗಳ ನೀಲಿ ಬಟ್ಟೆ ಮಾಯವಾಯಿತು.

ಒಂದು ಭಾನುವಾರ ಇಗರ್ಜಿಯಲ್ಲಿ ನೆರೆಮನೆಯ ತಕೂವಾ ಹೊಸ ನೀಲಿ ಲಂಗ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ನೈಗಾಗ ಲಂಗವನ್ನು ಹೊಗಳಿದಳು.

“ಕಂಪಾಲದಿಂದ ನಮ್ಮಣ್ಣ ಕಳಿಸಿದ್ದು, ಅಕ್ಕಾ,” ಎಂದಳು ತಕೂವಾ, ನೆಲ ನೋಡುತ್ತಾ.

“ನಿಮ್ಮಣ್ಣಂಗೆ ಬಣ್ಣ ಆರಿಸೋಕೆ ಚೆನ್ನಾಗಿ ಬರುತ್ತೆ ಬಿಡು. ಮನೆಗೆ ಹೋಗಿ ಬೇರೆ ಉಟ್ಕೊಂಡು ಬಾ. ನಿಂಗೊಂದು ತೋರಿಸ್ಬೇಕು.”

ಇಬ್ಬರೂ ಪಾಳು ತೋಟದ ಅಂಚಿಗೆ ಹೋದರು. ನೈಗಾಗ ಒಂದು ಪೊದೆಗೆ ನೀಲಿ ಚೂರನ್ನು, ಇನ್ನೊಂದಕ್ಕೆ ಹಳದಿ ಚೂರನ್ನು ಸಿಕ್ಕಿಸಿ ದೂರ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ನೀಲಿಯ ಮೇಲೆ ಒಂಬತ್ತು ನೊಣ ಕೂತವು. ಹಳದಿಯ ಹತ್ತಿರ ಒಂದೂ ಸುಳಿಯಲಿಲ್ಲ. ತಕೂವಾ ನೊಣಗಳನ್ನು ಎಣಿಸಿದಳು.

“ಅಂದ್ರೆ ನಾನು ಬಲೇನೇ ಸೊಂಟಕ್ಕೆ ಸುತ್ಕೊಂಡು ಓಡಾಡ್ತಿದ್ನಾ?”

“ಪರದೆ ಮಾತ್ರ ಬಿಟ್ಟು,” ಎಂದಳು ನೈಗಾಗ.

ಇಬ್ಬರಿಗೂ ನಗು ಬಂತು. ಆಮೇಲೆ ತಕೂವಾ ಅತ್ತಳು. ಇಗರ್ಜಿಗೆ ಉಡಲು ಅವಳಿಗೆ ಬೇರೆ ಒಂದು ತುಂಡು ಬಟ್ಟೆಯೂ ಇರಲಿಲ್ಲ. ಮರುದಿನ ನೈಗಾಗ ತನ್ನ ಪೆಟ್ಟಿಗೆಯಲ್ಲಿದ್ದ ಮದುವೆಯ ಉಡುಪನ್ನು ತಕೂವಾಳ ಅಳತೆಗೆ ಹೊಲಿದು ಕೊಟ್ಟಳು. ಯಾವ ಬಟ್ಟೆ ಯಾರ ಮನೆಯಲ್ಲಿತ್ತು ಎಂದು ಯಾರನ್ನೂ ಕೇಳಲಿಲ್ಲ. ತಕೂವಾ ಕಂಡದ್ದು ಊರೆಲ್ಲ ಸುದ್ದಿಯಾಗಿ, ವಾರದೊಳಗೆ ಐದು ಬಲೆಯ ಮಡಿಸಿದ ಬಟ್ಟೆ ನೈಗಾಗಳ ಜಗಲಿಗೆ ಬಂದು ಸೇರಿತು. ಆರನೆಯದು ಬರಲೇ ಇಲ್ಲ.

ತಕೂವಾಳನ್ನೂ ಊರಿನ ಹೆಂಗಸರನ್ನೂ ಸೇರಿಸಿಕೊಂಡು ಅವಳು ಲಂಟಾನ ಕಡಿಸಿದಳು. ಮೊದಲು ಕಡಿದದ್ದು ಬಲಿಕೋವ ಪಾಳುಬಿಟ್ಟಿದ್ದ ತೋಟ. ಅಲ್ಲಿ ಜೋಳ ಬೆಳೆಯಿತು. ವರ್ಷ ವರ್ಷಕ್ಕೆ ಬಲೆಗೆ ಬೀಳುವ ನೊಣ ಕಡಿಮೆಯಾದವು, ಆಸ್ಪತ್ರೆಗೆ ಹೋಗುವವರೂ ಕಡಿಮೆಯಾದರು. ಕಗೋಯ ಬದುಕಿರುವಾಗಲೇ ಒಂದು ಇಡೀ ವರ್ಷ ಆ ಊರಿನಿಂದ ಒಬ್ಬ ರೋಗಿಯೂ ಹೋಗಲಿಲ್ಲ. ಆಗ ಹೊಳೆಯಾಚೆಯ ಊರಿನವರು ಬಂದು, ನಮಗೂ ಬಲೆ ಕಟ್ಟುವುದನ್ನು ಕಲಿಸು ಎಂದು ನೈಗಾಗಳನ್ನು ಕರೆದರು. ಅವಳು ಹೊರಟಾಗ ಹೊಲಿಗೆಯ ಗಂಟನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದವಳು ತಕೂವಾ.